ಡೇಟಾ ಸೈನ್ಸ್‌ಗೆ ಮೊದಲು ವೆಬ್ ಡೆವಲಪ್‌ಮೆಂಟ್ ಕಲಿಯಬೇಕೇ? ಎಷ್ಟು, ಯಾವಾಗ, ಯಾವ ಕ್ರಮದಲ್ಲಿ

ಬಿಟಿಎಂ ಲೇಔಟ್, ಮಾರತ್ತಹಳ್ಳಿ, ರಾಜಾಜಿನಗರ ಹೀಗೆ ಬೆಂಗಳೂರಿನ ಯಾವ ಭಾಗದ ತರಬೇತಿ ಕೇಂದ್ರಕ್ಕೆ ವಿಚಾರಿಸಲು ಹೋದರೂ ಎರಡು ಕೋರ್ಸುಗಳ ಹೆಸರು ಜೊತೆಜೊತೆಗೇ ಕಿವಿಗೆ ಬೀಳುತ್ತವೆ: ಫುಲ್ ಸ್ಟ್ಯಾಕ್ (ವೆಬ್‌ಸೈಟಿನ ಮುಂಭಾಗ, ಹಿಂಭಾಗ ಎರಡನ್ನೂ ಕಟ್ಟುವ ಕೆಲಸ) ಮತ್ತು ಡೇಟಾ ಸೈನ್ಸ್. ಎರಡನೆಯದನ್ನು ಕೇಳಿಕೊಂಡು ಹೋದವರಿಗೆ "ಮೊದಲು ವೆಬ್ ಕಲಿತುಬಿಡಿ, ಕೋಡಿಂಗ್ ಕೈಗೆ ಹತ್ತುತ್ತೆ, ಆಮೇಲೆ ಡೇಟಾ ಸಲೀಸು" ಎಂಬ ಸಲಹೆ ಸಿಗುವುದೂ ಉಂಟು. ಕೇಳಲು ಚೆನ್ನಾಗಿದೆ. ಆದರೆ ಆರು ತಿಂಗಳು ಮತ್ತು ಕೋರ್ಸಿನ ಶುಲ್ಕ ಎರಡನ್ನೂ ಪಣಕ್ಕಿಡುವ ಮುನ್ನ ಲೆಕ್ಕ ಹಾಕಿ ನೋಡಬೇಕು.

ಡೇಟಾ ಸೈಂಟಿಸ್ಟ್ ಆಗುವುದೇ ಗುರಿಯಾಗಿದ್ದರೆ ವೆಬ್ ಮೊದಲು ಬೇಡ. ಹಾಗಂತ ಪೂರ್ತಿ ಕೈಬಿಡುವ ಹಾಗೂ ಇಲ್ಲ. ನಿಮ್ಮ ಮೊದಲ ಮಾಡೆಲ್ (ಡೇಟಾದಿಂದ ಕಲಿತು ಮುನ್ಸೂಚನೆ ಕೊಡುವ ಪ್ರೋಗ್ರಾಮ್) ತಯಾರಾದ ಮೇಲೆ, ಅದನ್ನು ಇನ್ನೊಬ್ಬರು ಬಳಸುವಂತಾಗಲು ಎಷ್ಟು ವೆಬ್ ಬೇಕೋ ಅಷ್ಟನ್ನು, ಆ ಮಾಡೆಲನ್ನೇ ಮುಂದಿಟ್ಟುಕೊಂಡು ಕಲಿಯಿರಿ. ಅದಕ್ಕೆ ಐದಾರು ವಾರ ಹಿಡಿಯುತ್ತದೆ, ಆರು ತಿಂಗಳಲ್ಲ.

ವೆಬ್ ಮೊದಲು ಯಾಕೆ ಬೇಡ

ಫುಲ್ ಸ್ಟ್ಯಾಕ್ ಕಲಿಕೆಯ ಮೊದಲ ನಾಲ್ಕು ತಿಂಗಳು ಹೋಗುವುದು ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್ ಇವುಗಳಲ್ಲಿ. ಪುಟದ ಅಂಚು ಸರಿಪಡಿಸುವುದು, ಮೊಬೈಲಿನಲ್ಲಿ ಮೆನು ಮಡಚಿಕೊಳ್ಳುವಂತೆ ಮಾಡುವುದು, ಬಟನ್ ಒತ್ತಿದಾಗ ಸ್ಟೇಟ್ ಬದಲಾಗುವುದನ್ನು ನಿಭಾಯಿಸುವುದು. ಇದು ಗೌರವದ ಕೆಲಸ, ಕಷ್ಟದ ಕೆಲಸ. ಆದರೆ ಡೇಟಾ ಕೆಲಸದಲ್ಲಿ ಇದರ ಬಳಕೆ ತೀರಾ ಕಡಿಮೆ. ವೆಬ್ ಲೋಕದಿಂದ ಡೇಟಾ ಲೋಕಕ್ಕೆ ನಿಜವಾಗಿ ದಾಟಿ ಬರುವುದು ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ), ಲಿನಕ್ಸ್ ಕಮಾಂಡ್ ಲೈನ್, ಎಸ್‌ಕ್ಯೂಎಲ್ (ಡೇಟಾಬೇಸನ್ನು ಪ್ರಶ್ನಿಸುವ ಭಾಷೆ), ಎಚ್‌ಟಿಟಿಪಿ (ವೆಬ್‌ನ ಸಂವಹನ ನಿಯಮ), ಜೇಸನ್ (ಡೇಟಾವನ್ನು ಪಠ್ಯವಾಗಿ ಕಳಿಸುವ ರೂಪ). ಈ ಐದನ್ನೂ ವೆಬ್ ಕೋರ್ಸಿನ ಮೂಲಕ ಸುತ್ತಿ ಬರದೆ ನೇರವಾಗಿಯೇ ಕಲಿಯಬಹುದು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ವೆಬ್‌ನಲ್ಲಿ ತಪ್ಪು ಬಹುಪಾಲು ಕಣ್ಣಿಗೆ ಕಾಣುತ್ತದೆ: ಬಟನ್ ಕೆಲಸ ಮಾಡುವುದಿಲ್ಲ, ಪುಟ ಖಾಲಿ ಬರುತ್ತದೆ, ಕನ್ಸೋಲಿನಲ್ಲಿ ಕೆಂಪು ಸಾಲು ಮೂಡುತ್ತದೆ. ಡೇಟಾದಲ್ಲಿ ತಪ್ಪು ಸದ್ದಿಲ್ಲದೆ ಕೂತಿರುತ್ತದೆ. ಎರಡು ಟೇಬಲ್‌ಗಳನ್ನು ಜೋಡಿಸುವಾಗ ಸಾಲುಗಳು ದುಪ್ಪಟ್ಟಾದರೂ ಕೋಡ್ ಎರರ್ ಕೊಡುವುದಿಲ್ಲ. ಒಂದು ಸಂಖ್ಯೆ ಬರುತ್ತದೆ, ಗ್ರಾಫ್ ಬರುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಉತ್ತರ ಬಂದ ಮೇಲೂ ಅದನ್ನು ಅನುಮಾನಿಸುವ ಅಭ್ಯಾಸವೇ ಈ ವೃತ್ತಿಯ ಬೆನ್ನೆಲುಬು. ಅದು ಬಲಿಯಲು ಕಾಲ ಬೇಕು. ಆದ್ದರಿಂದಲೇ ಬೇಗ ಶುರುಮಾಡಬೇಕು.

ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ, ಬೆಂಗಳೂರಿನಿಂದಲೂ ಅನೇಕರು ಓದುತ್ತಿರುವ ಡೇಟಾ ಸೈನ್ಸ್ ಆನ್‌ಲೈನ್ ಪದವಿಯ ಕ್ರಮ ನೋಡಿ. ಫೌಂಡೇಶನ್ ಹಂತದಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಪೈಥಾನ್. ಫ್ಲಾಸ್ಕ್ ಮತ್ತು ವ್ಯೂ ಬಳಸಿ ಅಪ್ಲಿಕೇಶನ್ ಕಟ್ಟುವ ವಿಷಯಗಳು ಬರುವುದು ಅದರ ನಂತರದ ಡಿಪ್ಲೊಮಾ ಹಂತದಲ್ಲಿ. ವೆಬ್ ಇದೆ, ಆದರೆ ಬುನಾದಿಯಲ್ಲಿಲ್ಲ.

ಯಾರು ವೆಬ್‌ನಿಂದಲೇ ಶುರುಮಾಡಬಹುದು

ಮೂರು ಬಗೆಯವರಿಗೆ ಮೇಲಿನ ಮಾತು ಅನ್ವಯಿಸುವುದಿಲ್ಲ. ಈಗಾಗಲೇ ವೆಬ್ ಡೆವಲಪರ್ ಆಗಿರುವವರು ಇದ್ದ ಕೆಲಸ ಬಿಟ್ಟು ಸೊನ್ನೆಯಿಂದ ಆರಂಭಿಸಬೇಕಿಲ್ಲ. ಅವರು ಕೆಳಗೆ ವಿವರಿಸಿರುವ ಹಂತ 1ರ ಸಂಖ್ಯಾಶಾಸ್ತ್ರಕ್ಕೆ ಎರಡು ಪಟ್ಟು ಸಮಯ ಕೊಟ್ಟು ಉಳಿದದ್ದನ್ನು ಬೇಗ ದಾಟಬಹುದು. ಮಾಡೆಲ್‌ಗಳನ್ನು ಸರ್ವರ್‌ನಲ್ಲಿ ಕೂರಿಸಿ ನಡೆಸುವ ಮಷೀನ್ ಲರ್ನಿಂಗ್ ಎಂಜಿನಿಯರ್ ಆಗಬೇಕೆನ್ನುವವರಿಗೆ ಬ್ಯಾಕೆಂಡ್ (ಸರ್ವರ್ ಬದಿಯ ಕೋಡ್) ಜ್ಞಾನವೇ ಅರ್ಧ ಕೆಲಸ. ಮೂರನೆಯವರು, ಮನೆಯ ಪರಿಸ್ಥಿತಿಯಿಂದಾಗಿ ಬೇಗ ಸಂಬಳ ಕಾಣಲೇಬೇಕಾದವರು. ಡೇಟಾ ಸೈಂಟಿಸ್ಟ್ ಹುದ್ದೆಗೆ ಹೊಸಬರನ್ನು ನೇರವಾಗಿ ತೆಗೆದುಕೊಳ್ಳುವುದು ಕಡಿಮೆ. ಇವರು ಬ್ಯಾಕೆಂಡ್ ಕೆಲಸ ಹಿಡಿದು ಒಳಗಿನಿಂದ ಡೇಟಾ ತಂಡದ ಕಡೆ ಸರಿಯಬಹುದು. ಆದರೆ ಇಲ್ಲೊಂದು ಕಿವಿಮಾತು: ವೇಗವೇ ಮುಖ್ಯವಾದರೆ ಡೇಟಾ ಅನಲಿಸ್ಟ್ ಹುದ್ದೆಗೆ ಬೇಕಾಗುವ ಎಸ್‌ಕ್ಯೂಎಲ್ ಮತ್ತು ಎಕ್ಸೆಲ್ ಫುಲ್ ಸ್ಟ್ಯಾಕ್‌ಗಿಂತ ಚಿಕ್ಕ ದಾರಿ, ಡೇಟಾ ಸೈನ್ಸ್‌ಗೂ ಹತ್ತಿರ.

ನೀವು ಯಾವ ಬಗೆ ಎಂದು ತಿಳಿಯದಿದ್ದರೆ, ನಿಮಗೆ ಇಷ್ಟವಾದ ಹತ್ತು ಉದ್ಯೋಗ ಜಾಹೀರಾತುಗಳನ್ನು ಪ್ರಿಂಟ್ ತೆಗೆದು ಹುದ್ದೆಯ ಹೆಸರು ಮುಚ್ಚಿ, ಕೆಲಸದ ವಿವರ ಮಾತ್ರ ಓದಿ. "ಪ್ರಯೋಗ ರೂಪಿಸುವುದು, ವಿಶ್ಲೇಷಿಸುವುದು, ಮುನ್ಸೂಚನೆ" ಎಂಬ ಮಾತುಗಳು ಹೆಚ್ಚಿದ್ದರೆ ಡೇಟಾ ಮೊದಲು. "ಎಪಿಐ, ಕುಬರ್ನೆಟೀಸ್, ಲೇಟೆನ್ಸಿ, ಪೈಪ್‌ಲೈನ್" ಹೆಚ್ಚಿದ್ದರೆ ಬ್ಯಾಕೆಂಡ್‌ಗೆ ಹೆಚ್ಚು ಸಮಯ ಕೊಡಿ. ಹುದ್ದೆಯ ಹೆಸರನ್ನು ನಂಬಿ ಹೋಗಬೇಡಿ, ಒಂದೇ ಹೆಸರಿನಡಿ ಬೇರೆ ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಕೆಲಸ ಇರುತ್ತದೆ.

ಹಂತ 1: ಬುನಾದಿ, ಸುಮಾರು ನಾಲ್ಕು ತಿಂಗಳು

ವಾರಕ್ಕೆ 10ರಿಂದ 12 ಗಂಟೆ ಸಿಗುತ್ತದೆ ಎಂದಿಟ್ಟುಕೊಂಡು ಈ ಲೆಕ್ಕ. ಪೈಥಾನ್ ಮತ್ತು ಅದರ ಟೇಬಲ್ ಲೈಬ್ರರಿ ಪಾಂಡಾಸ್‌ಗೆ ಆರು ವಾರ, ಎಸ್‌ಕ್ಯೂಎಲ್‌ಗೆ ನಾಲ್ಕು, ಸಂಖ್ಯಾಶಾಸ್ತ್ರ ಮತ್ತು ಮಾಡೆಲ್ ಕಟ್ಟುವ ಲೈಬ್ರರಿ ಸೈಕಿಟ್‌ಲರ್ನ್‌ಗೆ ಆರು. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು; ಡೀಪ್ ಲರ್ನಿಂಗ್ ಬಂದಾಗ ಬ್ರೌಸರಿನಿಂದಲೇ ಗೂಗಲ್‌ನ ಕಂಪ್ಯೂಟರ್ ಬಳಸಲು ಬಿಡುವ ಗೂಗಲ್ ಕೊಲ್ಯಾಬ್ ಇದೆ.

ಅಭ್ಯಾಸಕ್ಕೆ ನಮ್ಮ ಊರಿನದೇ ಡೇಟಾ ತೆಗೆದುಕೊಳ್ಳಿ. ಡೇಟಾಸೆಟ್‌ಗಳ ತಾಣವಾದ ಕ್ಯಾಗಲ್‌ನಲ್ಲಿ ಬೆಂಗಳೂರಿನ ಮನೆ ಬೆಲೆಗಳ ಡೇಟಾಸೆಟ್ ಇದೆ: 13,320 ಸಾಲು, 9 ಕಾಲಮ್, ಬೆಲೆ ಲಕ್ಷ ರೂಪಾಯಿಗಳಲ್ಲಿ. ಸಾವಿರಾರು ಜನ ಬಳಸಿರುವುದರಿಂದ ರೆಸ್ಯೂಮೆಯಲ್ಲಿ ಇದೊಂದೇ ಇದ್ದರೆ ಯಾರೂ ಬೆರಗಾಗುವುದಿಲ್ಲ. ಆದರೂ ಕಲಿಯಲು ಇದಕ್ಕೆ ಸಮನಾದದ್ದು ಕಷ್ಟ, ಏಕೆಂದರೆ ಇದರಲ್ಲಿ ನಿಜ ಜೀವನದ ಕೊಳೆ ಎಲ್ಲ ಇದೆ, ಮತ್ತು ಬೆಂಗಳೂರು ಗೊತ್ತಿದ್ದವರಿಗೆ ಆ ಕೊಳೆ ಕಣ್ಣಿಗೆ ಹೊಡೆಯುತ್ತದೆ.

ವಿಸ್ತೀರ್ಣದ ಕಾಲಮ್ ಚದರ ಅಡಿ ಎಂದು ಹೇಳಿಕೊಂಡರೂ ಒಳಗೆ "2100 - 2850" ಎಂಬಂಥ ವ್ಯಾಪ್ತಿಗಳಿವೆ, ಚದರ ಮೀಟರ್, ಚದರ ಗಜ, ಎಕರೆ, ಸೆಂಟ್ಸ್, ಗುಂಟೆ, ಗ್ರೌಂಡ್ಸ್ ಎಲ್ಲವೂ ಬೆರೆತಿವೆ. ಇವನ್ನು ಸುಮ್ಮನೆ ಅಳಿಸಬೇಡಿ, ಪರಿವರ್ತಿಸಿ: ಒಂದು ಗುಂಟೆ 1,089 ಚದರ ಅಡಿ, 40 ಗುಂಟೆಗೆ ಒಂದು ಎಕರೆ, ಒಂದು ಸೆಂಟ್ 435.6 ಚದರ ಅಡಿ, ಒಂದು ಗ್ರೌಂಡ್ 2,400, ಒಂದು ಚದರ ಗಜ 9, ಒಂದು ಚದರ ಮೀಟರ್ ಸುಮಾರು 10.764. ಪರಿವರ್ತನೆ ಮುಗಿದ ಮೇಲೆ ಎಷ್ಟು ಸಾಲುಗಳು ಇನ್ನೂ ಸಂಖ್ಯೆಯಾಗದೆ ಉಳಿದಿವೆ ಎಂದು ಎಣಿಸಿ ಬರೆದಿಡಿ.

ಮುನ್ನೇಕೊಳಾಲದ ಒಂದು ಸಾಲಿನಲ್ಲಿ 2,400 ಚದರ ಅಡಿಗೆ 43 ಬೆಡ್‌ರೂಮ್ ಎಂದಿದೆ. 2,400 ಎಂದರೆ ಒಂದು 40×60 ಸೈಟು. ಅದರಲ್ಲಿ 43 ಕೋಣೆಯ ಮನೆ ಹೇಗೆ ಸಾಧ್ಯ? ಟೈಪ್ ಮಾಡುವಾಗಿನ ತಪ್ಪಿರಬಹುದು, ಪಿಜಿ ಕಟ್ಟಡವೂ ಆಗಿರಬಹುದು. ಎರಡೂ ಸಂದರ್ಭದಲ್ಲಿ ಮನೆ ಬೆಲೆಯ ಮಾಡೆಲ್‌ಗೆ ಈ ಸಾಲು ಸಲ್ಲದು. ಒಂದು ಬೆಡ್‌ರೂಮಿಗೆ ಕನಿಷ್ಠ 300 ಚದರ ಅಡಿ ಎಂಬಂಥ ನಿಯಮ ಇಟ್ಟುಕೊಂಡು ಸೋಸಿ, ಆ ನಿಯಮವನ್ನು ಎಲ್ಲಿಂದ ತಂದಿರಿ ಎಂದು ಕೋಡಿನಲ್ಲೇ ಬರೆಯಿರಿ. ಬಡಾವಣೆಯ ಹೆಸರುಗಳ ಮುಂದೆ ಕಾಣದ ಸ್ಪೇಸ್‌ಗಳಿವೆ, ಹಾಗಾಗಿ ಒಂದೇ ಎಲೆಕ್ಟ್ರಾನಿಕ್ ಸಿಟಿ ಕಂಪ್ಯೂಟರಿಗೆ ಎರಡಾಗಿ ಕಾಣುತ್ತದೆ. ಸೊಸೈಟಿ ಕಾಲಮ್‌ನಲ್ಲಿ 5,502 ಸಾಲು ಖಾಲಿ. ಅದನ್ನು ತುಂಬಿಸಲು ಹೆಣಗಾಡದೆ ಕಾಲಮನ್ನೇ ಬಿಡಬಹುದು. ಸೂಪರ್ ಬಿಲ್ಟ್ ಅಪ್ ಮತ್ತು ಕಾರ್ಪೆಟ್ ವಿಸ್ತೀರ್ಣಗಳನ್ನು ಮಾತ್ರ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಮೊದಲನೆಯದರಲ್ಲಿ ಲಿಫ್ಟ್, ಮೆಟ್ಟಿಲು, ಲಾಬಿಯ ಪಾಲೂ ಸೇರಿರುತ್ತದೆ.

ಇಲ್ಲಿ ಬಹಳ ಮಂದಿ ಬೀಳುವ ಗುಂಡಿ ಇದು. ವಿಚಿತ್ರ ಸಾಲುಗಳನ್ನು ಹುಡುಕಲು ಬೆಲೆಯನ್ನು ವಿಸ್ತೀರ್ಣದಿಂದ ಭಾಗಿಸಿ "ಚದರ ಅಡಿಗೆ ಬೆಲೆ" ಎಂಬ ಕಾಲಮ್ ಮಾಡುತ್ತಾರೆ. ಆಮೇಲೆ ಅದನ್ನು ತೆಗೆಯಲು ಮರೆತು ಮಾಡೆಲ್‌ಗೂ ಉಣಿಸುತ್ತಾರೆ. ಉತ್ತರವೇ ಪ್ರಶ್ನೆಪತ್ರಿಕೆಯೊಳಗೆ ಸೇರಿತು. ಆರ್ ಸ್ಕ್ವೇರ್ (ಮಾಡೆಲ್ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬ ಅಂಕ, ಗರಿಷ್ಠ 1) 0.99ರವರೆಗೂ ಏರಬಹುದು, ನಿಜವಾದ ಮನೆಗೆ ಬಂದಾಗ ಆ ಕಾಲಮ್ ತುಂಬಲು ಬೆಲೆಯೇ ಗೊತ್ತಿರುವುದಿಲ್ಲ. ಅಂಕ ಅಷ್ಟು ಚೆನ್ನಾಗಿ ಬಂದರೆ ಸಂಭ್ರಮಿಸುವ ಮೊದಲು ಸೋರಿಕೆ ಹುಡುಕಿ.

ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ (ಟೇಬಲ್ ಜೋಡಣೆ), ಗ್ರೂಪ್ ಬೈ (ಗುಂಪು ಮಾಡಿ ಲೆಕ್ಕ) ಮುಗಿಸಿ, ಗುಂಪಿನೊಳಗೆ ಸಾಲುಗಳಿಗೆ ಕ್ರಮಾಂಕ ಕೊಡುವಂಥ ವಿಂಡೋ ಫಂಕ್ಷನ್‌ಗಳವರೆಗೂ ಹೋಗಿ. "ಪ್ರತಿ ಬಡಾವಣೆಯ ಮೂರು ಅತಿ ದುಬಾರಿ ಮನೆಗಳು" ಎಂಬ ಪ್ರಶ್ನೆಗೆ ನೋಡದೆ ಕ್ವೆರಿ ಬರೆಯಲು ಬಂದರೆ ಸಂದರ್ಶನಕ್ಕೆ ಕುಳಿತುಕೊಳ್ಳುವಷ್ಟು ಬಂತು. ಪ್ರತಿ ಜಾಯಿನ್‌ನ ಮೊದಲು ಮತ್ತು ನಂತರ ಸಾಲುಗಳನ್ನು ಎಣಿಸುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಹಂತ 2: ಡೇಟಾ ತರಲು ಬೇಕಾಗುವ ವೆಬ್, ಎರಡು ವಾರ

ವೆಬ್ ಮೊದಲು ಉಪಯೋಗಕ್ಕೆ ಬರುವುದು ಪುಟ ಕಟ್ಟಲು ಅಲ್ಲ, ಡೇಟಾ ತರಲು. ಗೆಟ್ ಮತ್ತು ಪೋಸ್ಟ್ ನಡುವಿನ ವ್ಯತ್ಯಾಸ, ಹೆಡರ್ ಎಂದರೇನು, ಜೇಸನ್ ಹೇಗಿರುತ್ತದೆ, ಸ್ಟೇಟಸ್ ಕೋಡ್‌ಗಳು ಏನು ಹೇಳುತ್ತವೆ ಇಷ್ಟು ತಿಳಿದರೆ ಆಯಿತು. 200 ಸರಿ, 401 ಎಂದರೆ ನೀವು ಯಾರೆಂದು ಸರ್ವರಿಗೆ ಗೊತ್ತಾಗಿಲ್ಲ, 403 ಎಂದರೆ ಅನುಮತಿ ಇಲ್ಲ, 404 ವಿಳಾಸ ತಪ್ಪು, 429 ಅತಿಯಾಗಿ ಕೇಳುತ್ತಿದ್ದೀರಿ, ನಿಲ್ಲಿಸಿ, 500ರಿಂದ ಮೇಲಿನವು ಆ ಕಡೆಯ ಸಮಸ್ಯೆ.

ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಟೈಮ್‌ಔಟ್ ತಾನಾಗಿ ಇರುವುದಿಲ್ಲ. ನೀವು 10 ಸೆಕೆಂಡ್ ಎಂದು ಬರೆಯದಿದ್ದರೆ ಉತ್ತರ ಬಾರದ ಸರ್ವರ್ ಮುಂದೆ ಪ್ರೋಗ್ರಾಮ್ ರಾತ್ರಿಯಿಡೀ ಕಾದು ನಿಂತಿರಬಹುದು. ಪುಟದಲ್ಲಿ ಕಣ್ಣಿಗೆ ಕಾಣುವ ಟೇಬಲ್ ಕೋಡಿನಲ್ಲಿ ಸಿಗದಿದ್ದರೆ ಅದನ್ನು ಜಾವಾಸ್ಕ್ರಿಪ್ಟ್ ಆಮೇಲೆ ತುಂಬುತ್ತಿದೆ ಎಂದರ್ಥ. ಆಗ ಬ್ರೌಸರನ್ನೇ ಕೋಡಿನಿಂದ ಓಡಿಸುವ ಸೆಲೆನಿಯಮ್‌ಗೆ ಹಾರಬೇಡಿ. ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಪುಟವನ್ನು ರಿಫ್ರೆಶ್ ಮಾಡಿ ನೋಡಿ. ಹೆಚ್ಚಿನ ಸಲ ಅಚ್ಚುಕಟ್ಟಾದ ಜೇಸನ್ ಒಂದು ಬಂದು ಕೂತಿರುತ್ತದೆ. ಸೈಟಿನ ರೋಬೋಟ್ಸ್ ಕಡತ (ಯಾವ ಪುಟಗಳನ್ನು ಪ್ರೋಗ್ರಾಮುಗಳು ಓದಬಹುದೆಂದು ಹೇಳುವುದು) ಮತ್ತು ಬಳಕೆಯ ಷರತ್ತು ಓದಿ, ಎರಡು ವಿನಂತಿಗಳ ನಡುವೆ ಒಂದೆರಡು ಸೆಕೆಂಡ್ ಬಿಡಿ, ಜನರ ಫೋನ್ ನಂಬರು ವಿಳಾಸಗಳನ್ನು ಕೂಡಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಹೆಸರನ್ನು ಡೇಟಾ ಕೆಲಸಕ್ಕಿಳಿಯುವ ಎಲ್ಲರೂ ಕೇಳಿರಬೇಕು.

ಸ್ಕ್ರೇಪ್ ಮಾಡುವ (ಪುಟಗಳಿಂದ ಕೋಡ್ ಮೂಲಕ ಡೇಟಾ ಎತ್ತುವ) ಮೊದಲು ತೆರೆದ ಮೂಲಗಳನ್ನು ನೋಡಿ. ಬೆಂಗಳೂರಿನ ವಾರ್ಡ್, ಬಜೆಟ್, ಕೆರೆ, ಸಾರಿಗೆಯ ಡೇಟಾ ಓಪನ್‌ಸಿಟಿ ಜಾಲತಾಣದಲ್ಲಿ ಸಿಗುತ್ತದೆ. ಗಡಿ ನಕ್ಷೆಗಳನ್ನು ಡೇಟಾಮೀಟ್ ಬಳಗ ಗಿಟ್‌ಹಬ್‌ನಲ್ಲಿ ಇಟ್ಟಿದೆ. ಇವನ್ನು ಜೋಡಿಸುವಾಗ ವಾರ್ಡ್ ಸಂಖ್ಯೆಯನ್ನು ನಂಬಬೇಡಿ. ಬಿಬಿಎಂಪಿಯಲ್ಲಿ ಬಹುಕಾಲ 198 ವಾರ್ಡುಗಳಿದ್ದವು, 2023ರ ವಿಂಗಡಣೆಯಲ್ಲಿ 225 ಆದವು, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳೇ ಬಂದವು. ಹಳೆಯ ಕಡತದ ವಾರ್ಡ್ 150 ಮತ್ತು ಹೊಸ ಕಡತದ ವಾರ್ಡ್ 150 ಒಂದೇ ಜಾಗವಲ್ಲ. ಆದರೂ ಜಾಯಿನ್ ಎರರ್ ಇಲ್ಲದೆ ನಡೆದುಬಿಡುತ್ತದೆ. ಅಕ್ಷಾಂಶ ರೇಖಾಂಶ ಇದ್ದರೆ ನಕ್ಷೆಯ ಡೇಟಾಕ್ಕಿರುವ ಲೈಬ್ರರಿ ಜಿಯೋಪಾಂಡಾಸ್‌ನಲ್ಲಿ ಗಡಿಯೊಳಗೆ ಬಿಂದು ಬೀಳುತ್ತದೆಯೇ ಎಂದು ನೋಡಿ ಜೋಡಿಸುವುದೇ ಸರಿ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59, ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು ಬರುತ್ತದೆ. ಅದಲುಬದಲಾದರೆ ನಿಮ್ಮ ಜಯನಗರ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಮೂಡುತ್ತದೆ.

ಹಂತ 3: ತೋರಿಸುವುದು, ಒಂದು ವಾರ

ಈಗ ಮಾಡೆಲ್ ಇದೆ. ರಿಯಾಕ್ಟ್ ಕಲಿಯದೆಯೇ ಅದಕ್ಕೊಂದು ಪುಟ ಕೊಡಬಹುದು. ಸ್ಟ್ರೀಮ್‌ಲಿಟ್ ಅಥವಾ ಗ್ರೇಡಿಯೋ ಪೂರ್ತಿ ಪೈಥಾನಿನಲ್ಲೇ ನಡೆಯುತ್ತವೆ. ಬಡಾವಣೆಯ ಪಟ್ಟಿ, ವಿಸ್ತೀರ್ಣದ ಸ್ಲೈಡರ್, ಬೆಲೆ ತೋರಿಸುವ ಜಾಗ ಇಷ್ಟಕ್ಕೆ ಮೂವತ್ತು ನಲವತ್ತು ಸಾಲು ಸಾಕು. ಸ್ಟ್ರೀಮ್‌ಲಿಟ್‌ನ ಒಂದು ಸ್ವಭಾವ ಅರಿಯದೆ ತೊಂದರೆ ಪಡುವವರು ಹೆಚ್ಚು: ನೀವು ಸ್ಲೈಡರ್ ಒಂದು ಕೂದಲೆಳೆ ಸರಿಸಿದರೂ ಇಡೀ ಸ್ಕ್ರಿಪ್ಟ್ ಮೇಲಿನಿಂದ ಕೆಳಗಿನವರೆಗೆ ಮತ್ತೆ ಓಡುತ್ತದೆ. ಮಾಡೆಲ್ ಕಡತವೂ ಮತ್ತೆ ಲೋಡ್ ಆಗುತ್ತದೆ, ಪುಟ ತೆವಳುತ್ತದೆ. ಮಾಡೆಲ್ ಲೋಡ್ ಮಾಡುವ ಫಂಕ್ಷನ್ ಮೇಲೆ ಕ್ಯಾಶ್ ರಿಸೋರ್ಸ್, ಟೇಬಲ್ ಓದುವ ಫಂಕ್ಷನ್ ಮೇಲೆ ಕ್ಯಾಶ್ ಡೇಟಾ ಎಂಬ ಡೆಕೊರೇಟರ್ ಹಾಕಿದರೆ ಸರಿಹೋಗುತ್ತದೆ.

ಕನ್ನಡದಲ್ಲಿ ಪುಟ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಸಂಗತಿಗಳು ಇಂಗ್ಲಿಷ್ ಪಾಠಗಳಲ್ಲಿ ಬರುವುದಿಲ್ಲ. ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಗ್ರಾಫಿನಲ್ಲಿ ಬರೀ ಚೌಕಗಳು ಕಾಣುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೂ ಬಳಕೆಯಲ್ಲಿರುವ ಬಹುತೇಕ ಆವೃತ್ತಿಗಳಲ್ಲಿ ಒತ್ತಕ್ಷರ ಮತ್ತು ಗುಣಿತ ಚೆದುರುತ್ತವೆ. ಇನ್ನೊಂದು ಗ್ರಾಫ್ ಲೈಬ್ರರಿಯಾದ ಪ್ಲಾಟ್ಲಿಯ ಗ್ರಾಫನ್ನು ಚಿತ್ರಿಸುವುದು ಬ್ರೌಸರ್. ಅದಕ್ಕೆ ಕನ್ನಡ ಜೋಡಿಸಲು ಬರುತ್ತದೆ. ಆದ್ದರಿಂದ ಕನ್ನಡ ಲೇಬಲ್ ಇರುವ ಗ್ರಾಫಿಗೆ ಪ್ಲಾಟ್ಲಿಯನ್ನೇ ಹಿಡಿಯಿರಿ.

ಕನ್ನಡ ಇರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಅಕ್ಷರ ಕೆಟ್ಟು ಬಂದರೆ, ಉಳಿಸುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಸಿಗ್ ಎಂಬುದನ್ನು ಕೊಡಿ. ಹಳೆಯ ಸರ್ಕಾರಿ ಕಡತಗಳಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟಿನ ಪಠ್ಯವಿದ್ದರೆ ಅದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಯಿಸಬೇಕು. ಇನ್ನು ಕಣ್ಣಿಗೆ ಒಂದೇ ಆಗಿ ಕಾಣುವ ಎರಡು "ಕೋರಮಂಗಲ" ಕಂಪ್ಯೂಟರಿಗೆ ಬೇರೆಯಾಗಿರಬಹುದು: ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಂಡುಗಳಾಗಿಯೂ ಬರೆಯಲು ಯೂನಿಕೋಡ್ ಬಿಡುತ್ತದೆ. ಜಾಯಿನ್ ಮಾಡುವ ಮೊದಲು ಎಲ್ಲ ಕನ್ನಡ ಕಾಲಮ್‌ಗಳನ್ನೂ ಎನ್ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ) ರೂಪಕ್ಕೆ ತನ್ನಿ. "ಸಾಫ್ಟ್‌ವೇರ್" ಎಂಬಂಥ ಪದಗಳ ನಡುವೆ ಕಾಣದ ಜೋಡಣೆ ತಡೆಯುವ ಅಕ್ಷರವೊಂದು ಅಡಗಿರುತ್ತದೆ. ಹುಡುಕಾಟಕ್ಕೆ ಬಳಸುವ ಕಾಲಮ್‌ನಿಂದ ಅದನ್ನು ತೆಗೆಯಿರಿ, ತೋರಿಸುವ ಕಾಲಮ್‌ನಲ್ಲಿ ಬಿಡಿ. ಪದದ ಉದ್ದ ಅಳೆಯುವಾಗಲೂ ಎಚ್ಚರ: "ಕನ್ನಡ" ನಮಗೆ ಮೂರಕ್ಷರ, ಪೈಥಾನಿಗೆ ಐದು.

ಹಂತ 4: ಎಪಿಐ, ಎರಡು ವಾರ

ಪುಟ ಮನುಷ್ಯರಿಗೆ, ಎಪಿಐ ಇನ್ನೊಂದು ಪ್ರೋಗ್ರಾಮಿಗೆ. ಕಂಪನಿಗಳಲ್ಲಿ ನಿಮ್ಮ ಮಾಡೆಲನ್ನು ಬಳಸುವುದು ಹೆಚ್ಚಾಗಿ ಇನ್ನೊಂದು ಪ್ರೋಗ್ರಾಮೇ. ಎಪಿಐ ಕಟ್ಟುವ ಪೈಥಾನ್ ಲೈಬ್ರರಿ ಫಾಸ್ಟ್‌ಎಪಿಐ ತೆಗೆದುಕೊಳ್ಳಿ, ಸರ್ವರ್ ಚಾಲೂ ಆದ ಮೇಲೆ ಬ್ರೌಸರಿನಲ್ಲಿ 8000ನೇ ಪೋರ್ಟಿನ ಡಾಕ್ಸ್ ಪುಟ ತೆರೆದರೆ ಪರೀಕ್ಷಿಸಲು ಫಾರ್ಮ್ ತಾನಾಗಿಯೇ ಸಿದ್ಧವಾಗಿರುತ್ತದೆ. ಫ್ಲಾಸ್ಕ್ ಗೊತ್ತಿದ್ದವರು ಫ್ಲಾಸ್ಕ್ ಬಳಸಿದರೂ ನಷ್ಟವಿಲ್ಲ. ಮ್ಯಾಕ್‌ನಲ್ಲಿ ಮಾತ್ರ ಅದರ 5000ನೇ ಪೋರ್ಟನ್ನು ಏರ್‌ಪ್ಲೇ ಹಿಡಿದುಕೊಂಡಿರುತ್ತದೆ, ಬೇರೆ ಸಂಖ್ಯೆ ಕೊಡಬೇಕು.

ಮೊದಲ ಕೆಲಸ, ಡೇಟಾ ಸಿದ್ಧಪಡಿಸುವ ಹೆಜ್ಜೆಗಳನ್ನೂ ಮಾಡೆಲನ್ನೂ ಸೈಕಿಟ್‌ಲರ್ನ್‌ನ ಒಂದೇ ಪೈಪ್‌ಲೈನಿನೊಳಗೆ ಇಟ್ಟು, ಆ ಪೈಪ್‌ಲೈನನ್ನೇ ಜಾಬ್‌ಲಿಬ್‌ನಿಂದ (ಮಾಡೆಲನ್ನು ಕಡತವಾಗಿ ಬರೆಯುವ ಲೈಬ್ರರಿ) ಉಳಿಸುವುದು. ನೋಟ್‌ಬುಕ್‌ನಲ್ಲಿ ಒಂದು ರೀತಿ, ಸರ್ವರ್ ಕೋಡಿನಲ್ಲಿ ಇನ್ನೊಂದು ರೀತಿ ಸಿದ್ಧಪಡಿಸಿದರೆ ಕಾಲಮ್‌ಗಳ ಕ್ರಮ ಬದಲಾಗಿ ಸ್ನಾನದ ಮನೆಗಳ ಸಂಖ್ಯೆ ಬಾಲ್ಕನಿಯ ಜಾಗಕ್ಕೆ ಹೋಗುತ್ತದೆ, ಎರರ್ ಬರುವುದಿಲ್ಲ, ಬೆಲೆ ಮಾತ್ರ ತಪ್ಪುತ್ತದೆ. ಬೆಲೆಯ ಲಾಗ್ (ಲಾಗರಿದಮ್) ತೆಗೆದು ಕಲಿಸಿದ್ದರೆ ಹಿಂದಿರುಗಿಸುವಾಗ ಘಾತಕ್ಕೇರಿಸಲು ಮರೆಯಬೇಡಿ. ಮರೆತರೆ 80 ಲಕ್ಷದ ಫ್ಲ್ಯಾಟಿಗೆ 4.38 ಲಕ್ಷ ಎಂದು ಉತ್ತರ ಬರುತ್ತದೆ. ತರಬೇತಿಯಲ್ಲಿ ಇಲ್ಲದ ಬಡಾವಣೆಯ ಹೆಸರು ಬಂದರೆ ಹೆಸರುಗಳನ್ನು ಸೊನ್ನೆ-ಒಂದರ ಕಾಲಮ್‌ಗಳಾಗಿಸುವ ಒನ್ ಹಾಟ್ ಎನ್‌ಕೋಡರ್ ಮುರಿದು ಬೀಳುತ್ತದೆ. ಗೊತ್ತಿಲ್ಲದ ವರ್ಗವನ್ನು ಕಡೆಗಣಿಸು ಎಂಬ ಆಯ್ಕೆ ಅದರಲ್ಲೇ ಇದೆ. ಅದನ್ನು ಹಾಕಿ, ಜೊತೆಗೆ "ಈ ಬಡಾವಣೆಯ ಮಾಹಿತಿ ಮಾಡೆಲ್‌ನಲ್ಲಿಲ್ಲ" ಎಂಬ ಸೂಚನೆಯನ್ನೂ ಉತ್ತರದೊಂದಿಗೆ ಕಳಿಸಿ. ಬಳಸುವವರಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು.

ಮಾಡೆಲ್ ಲೋಡ್ ಆಗುವುದು ಸರ್ವರ್ ಏಳುವಾಗ ಒಂದೇ ಸಲ ಇರಲಿ, ಪ್ರತಿ ವಿನಂತಿಗೂ ಅಲ್ಲ. ಹೆಚ್ಚು ವರ್ಕರ್‌ಗಳನ್ನು (ಸರ್ವರಿನ ಜೊತೆಜೊತೆಗೆ ಓಡುವ ಪ್ರತಿಗಳನ್ನು) ಎಬ್ಬಿಸಿದರೆ ಪ್ರತಿಯೊಂದೂ ತನ್ನದೊಂದು ನಕಲು ಇಟ್ಟುಕೊಳ್ಳುತ್ತದೆ: 500 ಎಂಬಿ ಮಾಡೆಲ್, ನಾಲ್ಕು ವರ್ಕರ್, ಹತ್ತಿರ ಹತ್ತಿರ 2 ಜಿಬಿ ಮೆಮೊರಿ. ಪ್ರೆಡಿಕ್ಟ್ ಕರೆಯುವ ಫಂಕ್ಷನನ್ನು ಅಸಿಂಕ್ ಎಂದು ಬರೆಯಬೇಡಿ. ಲೆಕ್ಕ ಮುಗಿಯುವವರೆಗೂ ಉಳಿದೆಲ್ಲ ವಿನಂತಿಗಳು ಸಾಲಿನಲ್ಲಿ ನಿಲ್ಲುತ್ತವೆ. ಸಾದಾ ಡೆಫ್ ಬರೆದರೆ ಫಾಸ್ಟ್‌ಎಪಿಐ ಅದನ್ನು ಬೇರೆ ಥ್ರೆಡ್‌ಗೆ ಕಳಿಸುತ್ತದೆ.

ಮೊದಲ ವಾರ ಪದೇಪದೇ ಎದುರಾಗುವ ಮೂರು ದೋಷಗಳಿವು. 422 ಬಂದರೆ ಕಳಿಸಿದ ಜೇಸನ್‌ನ ಹೆಸರೋ ವಿಧವೋ ನೀವು ಬರೆದ ಪೈಡ್ಯಾಂಟಿಕ್ (ಬರುವ ಡೇಟಾವನ್ನು ಪರೀಕ್ಷಿಸುವ ಲೈಬ್ರರಿ) ನಮೂನೆಗೆ ಹೊಂದಿಲ್ಲ, ಉತ್ತರದೊಳಗೇ ಯಾವ ಕ್ಷೇತ್ರ ಎಂದು ಬರೆದಿರುತ್ತದೆ, ಓದಿ. 500 ಬಂದು ಸರ್ವರಿನ ಲಾಗ್‌ನಲ್ಲಿ (ದಾಖಲೆಯಲ್ಲಿ) ಸಂಖ್ಯೆಗಳ ಲೈಬ್ರರಿ ನಂಪೈ ಹೆಸರು ಕಂಡರೆ, ಮಾಡೆಲ್ ಕೊಟ್ಟ ಸಂಖ್ಯೆ ನಂಪೈ ವಿಧದ್ದು, ಜೇಸನ್‌ಗೆ ಅದು ಗೊತ್ತಿಲ್ಲ. ಫ್ಲೋಟ್‌ಗೆ ಬದಲಿಸಿ ಕಳಿಸಿ. ನ್ಯಾನ್ (NaN, ಸಂಖ್ಯೆಯಲ್ಲದ್ದು) ಮೌಲ್ಯವೂ ಜೇಸನ್‌ನಲ್ಲಿ ಸಲ್ಲುವುದಿಲ್ಲ, ಅದರ ಜಾಗದಲ್ಲಿ ಪೈಥಾನಿನ ಖಾಲಿ ಮೌಲ್ಯ None ಇಡಿ. ಮೂರನೆಯದು ಎಲ್ಲರನ್ನೂ ದಿಗಿಲುಗೊಳಿಸುವ ಕಾರ್ಸ್ (CORS): ಎಪಿಐ ಪರೀಕ್ಷಿಸುವ ಸಾಧನ ಪೋಸ್ಟ್‌ಮ್ಯಾನ್‌ನಲ್ಲಿ ಉತ್ತರ ಬರುತ್ತದೆ, ಬ್ರೌಸರಿನಲ್ಲಿ ಬರುವುದಿಲ್ಲ. ನಿಮ್ಮ ಎಪಿಐ ಕೆಟ್ಟಿಲ್ಲ. ಪುಟ ಒಂದು ಪೋರ್ಟಿನಲ್ಲಿ, ಎಪಿಐ ಇನ್ನೊಂದರಲ್ಲಿ ಇರುವುದರಿಂದ ಬ್ರೌಸರ್ ಅವೆರಡನ್ನೂ ಬೇರೆ ಮೂಲಗಳೆಂದು ತಿಳಿದು ತಡೆಯುತ್ತದೆ. ಕಾರ್ಸ್ ಮಿಡಲ್‌ವೇರ್ ಸೇರಿಸಿ, ನಿಮ್ಮ ಪುಟದ ವಿಳಾಸವನ್ನು ಮಾತ್ರ ಅನುಮತಿಸಿ.

ಹಂತ 5: ಊರಿಗೆ ಬಿಡುವುದು, ಒಂದು ವಾರ

ಲೈಬ್ರರಿಗಳ ಆವೃತ್ತಿ ಸಂಖ್ಯೆಯನ್ನು ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಖಚಿತವಾಗಿ ಬರೆಯಿರಿ. ಒಂದು ಸೈಕಿಟ್‌ಲರ್ನ್ ಆವೃತ್ತಿಯಲ್ಲಿ ಉಳಿಸಿದ ಮಾಡೆಲ್ ಇನ್ನೊಂದರಲ್ಲಿ ತೆರೆದರೆ ಕೆಲವೊಮ್ಮೆ ಎಚ್ಚರಿಕೆ ಬರುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಗೊತ್ತಿಲ್ಲದವರು ಕಳಿಸಿದ ಪಿಕಲ್ ಅಥವಾ ಜಾಬ್‌ಲಿಬ್ ಕಡತವನ್ನು ತೆರೆಯಬೇಡಿ, ತೆರೆಯುವಾಗಲೇ ಅದರೊಳಗಿನ ಕೋಡ್ ಓಡಬಲ್ಲದು.

ಗಿಟ್‌ಹಬ್ 100 ಎಂಬಿ ಮೀರಿದ ಕಡತವನ್ನು ಒಪ್ಪುವುದಿಲ್ಲ. ಆಮೇಲೆ ಅಳಿಸಿ ಮತ್ತೆ ಕಮಿಟ್ ಮಾಡಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುವುದರಿಂದ ಪುಶ್ (ಗಿಟ್‌ಹಬ್‌ಗೆ ಏರಿಸುವುದು) ಮತ್ತೆ ಸೋಲುತ್ತದೆ, ಇತಿಹಾಸದಿಂದಲೇ ತೆಗೆಯಬೇಕು. ಎಪಿಐ ಕೀ, ಡೇಟಾಬೇಸ್ ಪಾಸ್‌ವರ್ಡ್‌ಗಳಿಗೂ ಇದೇ ಕಥೆ. ಕೀ ಒಮ್ಮೆ ಸಾರ್ವಜನಿಕ ರೆಪೊಸಿಟರಿಗೆ ಹೋದರೆ ಅಳಿಸಿ ಸುಮ್ಮನಾಗದೆ ಕೂಡಲೇ ರದ್ದುಮಾಡಿ ಹೊಸದು ಪಡೆಯಿರಿ. ಕೀ, ಪಾಸ್‌ವರ್ಡ್ ಇಡುವ ಎನ್ವ್ (.env) ಕಡತವನ್ನು, ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸುವುದು ಪ್ರಾಜೆಕ್ಟಿನ ಮೊದಲ ದಿನದ ಕೆಲಸ.

ಕೋಡನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಕಂಟೇನರ್ ಎಂಬ ಒಂದೇ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಈ ಹಂತದಲ್ಲಿ ಒಂದೆರಡು ದಿನದ ಕಲಿಕೆ. ಕಂಟೇನರ್ ಓಡುತ್ತಿದೆ, ಲಾಗ್ ಚೆನ್ನಾಗಿದೆ, ಪುಟ ಮಾತ್ರ ತೆರೆಯುತ್ತಿಲ್ಲ ಎಂದರೆ ನೂರಕ್ಕೆ ತೊಂಬತ್ತು ಪಾಲು ಸರ್ವರ್ 127.0.0.1ರಲ್ಲಿ ಕೂತಿರುತ್ತದೆ. ಆ ವಿಳಾಸ ಕಂಟೇನರಿನ ಒಳಗಿನವರಿಗೆ ಮಾತ್ರ, ಹೋಸ್ಟ್ 0.0.0.0 ಎಂದು ಕೊಡಿ, ಪೋರ್ಟ್ ಮ್ಯಾಪ್ ಮಾಡಿ. ಫ್ಲಾಸ್ಕ್ ಬಳಸಿದ್ದರೆ ಡಿಬಗ್ ಆರಿಸಿ, ಇಲ್ಲದಿದ್ದರೆ ಎರರ್ ಪುಟದಿಂದ ಹೊರಗಿನವರು ನಿಮ್ಮ ಸರ್ವರಿನಲ್ಲಿ ಕೋಡ್ ಓಡಿಸುವ ಅಪಾಯವಿದೆ. ಕಲಿಕೆಗೆ ಹಗ್ಗಿಂಗ್ ಫೇಸ್ ಸ್ಪೇಸಸ್ ಅಥವಾ ಸ್ಟ್ರೀಮ್‌ಲಿಟ್ ಕಮ್ಯುನಿಟಿ ಕ್ಲೌಡ್ ಉಚಿತ ದಾರಿ. ಉಚಿತ ಜಾಗದಲ್ಲಿ ಬಳಕೆಯಿಲ್ಲದ ಆ್ಯಪ್ ಮಲಗಿಬಿಡುತ್ತದೆ, ಎಬ್ಬಿಸಲು ಸಮಯ ಹಿಡಿಯುತ್ತದೆ. ಸಂದರ್ಶನದ ದಿನ ಬೆಳಿಗ್ಗೆ ನೀವೇ ಒಮ್ಮೆ ತೆರೆದು ಎಬ್ಬಿಸಿಡಿ.

ಈಗ ಬಿಟ್ಟುಬಿಡಬಹುದಾದದ್ದು

ರಿಯಾಕ್ಟ್, ಆಂಗ್ಯುಲರ್, ಟೈಪ್‌ಸ್ಕ್ರಿಪ್ಟ್, ಸಿಎಸ್ಎಸ್ ಫ್ರೇಮ್‌ವರ್ಕ್‌ಗಳು, ಮೊಂಗೋಡಿಬಿ, ಕುಬರ್ನೆಟೀಸ್. ಕೆಲಸಕ್ಕೆ ಸೇರಿದ ಮೇಲೆ ತಂಡ ಕೇಳಿದರೆ ಕಲಿಯುವಿರಂತೆ. ಜಾವಾಸ್ಕ್ರಿಪ್ಟ್ ಮಾತ್ರ ಓದಿ ಅರ್ಥಮಾಡಿಕೊಳ್ಳುವಷ್ಟು ಇದ್ದರೆ ಒಳ್ಳೆಯದು. ಗ್ರಾಫ್‌ಗಳಲ್ಲೇ ಆಸಕ್ತಿ ಇರುವವರಿಗೆ ಜಾವಾಸ್ಕ್ರಿಪ್ಟ್‌ನ ಗ್ರಾಫ್ ಲೈಬ್ರರಿ ಡಿ3 ಕೈಬೀಸಿ ಕರೆಯುತ್ತದೆ, ಅದು ಬೇರೆಯೇ ದಾರಿ.

ಒಬ್ಬರೇ ಕಲಿಯುವಾಗ ಸಿಕ್ಕಿಬಿದ್ದರೆ ಬೆಂಗಳೂರಿನಲ್ಲಿ ಇರುವುದರ ಲಾಭ ಪಡೆಯಿರಿ. ಪೈಥಾನ್ ಬಳಕೆದಾರರ ಬ್ಯಾಂಗ್‌ಪೈಪರ್ಸ್ ಬಳಗ ಇಲ್ಲಿ ಸಭೆ ಸೇರುತ್ತದೆ. 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ನಡೆದದ್ದೂ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಂಥ ಸಭೆಗೆ ಹೋಗುವಾಗ ಎರರ್‌ನ ಪೂರ್ತಿ ಪಠ್ಯ, ಲೈಬ್ರರಿ ಆವೃತ್ತಿ, ದೋಷ ಮರುಕಳಿಸುವ ಹತ್ತು ಸಾಲಿನ ಕೋಡ್ ಈ ಮೂರನ್ನು ಕೊಂಡೊಯ್ದರೆ ಉತ್ತರ ಬೇಗ ಸಿಗುತ್ತದೆ.

ರೆಸ್ಯೂಮೆಯಲ್ಲಿ ಆ್ಯಪ್‌ನ ಕೊಂಡಿ ಹಾಕುವ ಮುನ್ನ ಅದನ್ನು ಮನೆಯವರೊಬ್ಬರ ಮೊಬೈಲಿನಲ್ಲಿ ತೆರೆಸಿ, ಏನೂ ವಿವರಿಸದೆ ಬಿಡಿ. ವಿಸ್ತೀರ್ಣದ ಜಾಗದಲ್ಲಿ ಅವರು "30×40" ಎಂದು ಬರೆಯುತ್ತಾರೆ, ಸೊನ್ನೆ ಹಾಕುತ್ತಾರೆ, ಖಾಲಿ ಬಿಡುತ್ತಾರೆ. ಪ್ರತಿಯೊಂದಕ್ಕೂ ಪುಟ ಏನು ಉತ್ತರ ಕೊಟ್ಟಿತು ಎಂದು ಲಾಗ್‌ನಲ್ಲಿ ನೋಡಿ ಸರಿಪಡಿಸಿ. ಆಮೇಲೆ ಕಾಗದದ ಮೇಲೆ ಮೂರು ಉತ್ತರ ಬರೆದಿಟ್ಟುಕೊಳ್ಳಿ, ಸಂದರ್ಶನದಲ್ಲಿ ಕೇಳುವುದು ಇವನ್ನೇ: ಮಾಡೆಲ್ ಸರಾಸರಿ ಎಷ್ಟು ಲಕ್ಷ ತಪ್ಪುತ್ತದೆ, ಯಾವ ಬಡಾವಣೆಗಳಲ್ಲಿ ಅತಿ ಹೆಚ್ಚು ತಪ್ಪುತ್ತದೆ, ಆ ತಪ್ಪಿಗೆ ಕಾರಣ ಡೇಟಾದ ಕೊರತೆಯೋ ಮಾಡೆಲಿನ ಮಿತಿಯೋ.